ಬಿಳಿಯೊಂದು ಬೇಡ

ಬಂದರಿನ ಪೈಂಟಂಗಡಿಯ ಹುಡುಗ
ಶೇಡ್ ಕಾರ್ಡನ್ನು ಬೀಸಣಿಗೆಯಂತೆ ಬಿಡಿಸಿ ಕೊಟ್ಟ.
ಸೆಕೆ. ಮೊದಲು ಗಾಳಿ ಬೀಸಿಕೊಂಡೆ.
ಆಮೇಲೆ ನೋಡಿದರೆ ನೂರಾ ಎಂಬತ್ತು ಬಣ್ಣ,
ಒಂದೊಂದಕ್ಕೂ ನಾಮಕರಣ ಆಗಿದೆ:
ಮುಂಜಾನೆಯ ಪಿಸುಮಾತು, ಮರಳುಗಾಡಿನ ಗುಲಾಬಿ.
ನನಗೆ ಕಂಡದ್ದು ಬೇರೆ.
ಇದು ಅಯೋಡಿನ್. ಇದು ಕಾಮಾಲೆಯ ಮೂರನೆಯ ದಿನದ ಕಣ್ಣು.
ಇದು ಆಪರೇಶನ್ ಥಿಯೇಟರಿನ ಪರದೆ, ಸಾವಿರ ಸಲ ಒಗೆದದ್ದು.
ಈ ನೀಲಿ, ಹುಟ್ಟಿದೊಡನೆ ಅಳದ ಮಗುವಿನ ತುಟಿ.
ಅದು ಬೇಡ ಅಂದೆ. ಕಾರಣ ಹೇಳಲಿಲ್ಲ.

"ಎಂತದಕ್ಕೆ ಸಿಸ್ಟರ್, ಮನೆಗಾ, ಗೇಟಿಗಾ?"
ಮನೆಗೇ. ಅದಕ್ಕೆ ಎರಡು ಚಕ್ರ ಉಂಟು.
ಹುಡುಗ ನಗಲಿಲ್ಲ, ಒಳಗೆ ಹೋಗಿ ಧಣಿಯನ್ನು ಕರೆದ.

ಕೊಟ್ಟಾರದ ನನ್ನ ಅಂಗಳದಲ್ಲಿ, ನುಗ್ಗೆಮರದಡಿ ನಿಂತಿದೆ ಅದು:
ಹೂಳೆತ್ತುವ ಕಂಪೆನಿ ಹರಾಜಿಗಿಟ್ಟ ತಗಡಿನ ಟ್ರೈಲರ್.
ಹದಿನಾಲ್ಕು ಅಡಿ, ಎರಡು ಮಂಚ, ಒಂದು ಸಿಂಕು.
ನನಗಿಂತ ಒಂಬತ್ತು ವರ್ಷ ಚಿಕ್ಕದು,
ಮೊಣಕಾಲೂ ನನಗಿಂತ ಗಟ್ಟಿ.
ಪಿಂಚಣಿಯ ಗಂಟು ಇದಕ್ಕೆ ಸುರಿದೆನೆಂದು
ಆಚೆಮನೆಯ ತಮ್ಮ ಹಿಲಾರಿ ಮಾತು ಬಿಟ್ಟು ಇಪ್ಪತ್ತಮೂರು ದಿನ.
ಎಳೆಯುವುದು ರಾಜೀವಿಯ ಜೀಪು.
ಹೆರಿಗೆ ವಾರ್ಡಿನ ರಾತ್ರಿಪಾಳಿಯಲ್ಲಿ
ನಾವಿಬ್ಬರೂ ಎಷ್ಟೋ ಊರು ಸುತ್ತಿದವರು,
ಫ್ಲಾಸ್ಕಿನ ಆಚೀಚೆ ಕೂತು.

ಬೆಂಗ್ರೆಯಿಂದ ಫೆರಿ ದಾಟಿ ಇದ್ದಿನಬ್ಬ ಬಂದರು.
ಬೋಟುಗಳಿಗೆ ಬಳಿದು ಬಳಿದು ಬೆರಳ ಗೆರೆ ಸವೆದು
ರೇಶನ್ ಅಂಗಡಿಯ ಯಂತ್ರಕ್ಕೆ ಅವರು ಯಾರೋ.
ತಗಡಿಗೆ ಕಿವಿಯಿಟ್ಟು ತಟ್ಟಿದರು,
"ಇಲ್ಲಿ ನೀರು ಕೂತಿದೆ."
ಉಗುರಿನಲ್ಲಿ ಕೆರೆದರು:
ನೀಲಿಯಡಿ ಹಳದಿ, ಹಳದಿಯಡಿ ಯಾರದೋ ಹಸಿರು,
ಅದರಡಿ ತಗಡಿನ ಸ್ವಂತ ಮೈ, ಹೊಳೆಯುತ್ತ, ನಾಚದೆ.
"ಅಲ್ಯುಮಿನಿಯಂ. ಸುಮ್ಮನೆ ಬಣ್ಣ ಹಿಡಿಯುವುದಲ್ಲ ಇದು.
ಉಜ್ಜಬೇಕು, ಆಸಿಡ್ ಪ್ರೈಮರು, ಮತ್ತೆ ಎಪಾಕ್ಸಿ.
ಬಣ್ಣ ಕೊನೆಗೆ. ಬಣ್ಣ ಅಂದರೆ ಎಂತ, ಮೇಲಿನ ಮಾತು."

ಯಾವಾಗ?
"ಆಟಿ ಕಳೆಯಲಿ, ಸೋಣ ಕಳೆಯಲಿ.
ಗಾಳಿ ಒದ್ದೆ ಇರುವಾಗ ಮುಚ್ಚಿದರೆ ಒಳಗೇ ಗುಳ್ಳೆ ಏಳುತ್ತದೆ."
ಇದನ್ನು ನನಗೆ ಹೇಳಬೇಕೆ.
ಒಣಗದ ಗಾಯಕ್ಕೆ ಬ್ಯಾಂಡೇಜು ಬಿಗಿದ ಹೌಸ್‌ಸರ್ಜನ್ನನ್ನು
ಕಾರಿಡಾರಿನಲ್ಲಿ ನಿಲ್ಲಿಸಿ ಬೈದವಳು ನಾನು.

ಯಾವ ಬಣ್ಣ ಅಂದರೆ, ಬಿಳಿ ಅಂದರು.
ಬಿಸಿಲು ತಡೆಯುತ್ತದೆ, ಒಳಗೆ ತಂಪು, ಕೊಳೆಯಾದರೆ ತಿಳಿಯುತ್ತದೆ.
ಎಲ್ಲ ನಿಜ.
ಬಿಳಿಯೊಂದು ಬೇಡ ಇದ್ದಿನಬ್ಬರೇ.
ಮೂವತ್ತೈದು ವರ್ಷ ಉಟ್ಟಿದ್ದೇನೆ, ನೀಲ ಹಾಕಿ, ಗಂಜಿ ಹಾಕಿ.
ರಕ್ತದ ಕಲೆಗೆ ತಣ್ಣೀರು, ಬಿಸಿನೀರು ಎಂದೂ ಅಲ್ಲ.
ಹಂಪನಕಟ್ಟೆಯಲ್ಲಿ ಸೀರೆಯುಟ್ಟು ಎದುರಾದರೆ
ನಾನೇ ಹೆರಿಗೆ ಮಾಡಿಸಿದವರು ದಾಟಿ ಹೋಗುತ್ತಿದ್ದರು.

ಅವರು ಸುಮ್ಮನಾದರು. ನೂಲಿಗೆ ನೀಲಿ ಹಚ್ಚಿ
ಚಕ್ರದ ಮೇಲೊಂದು ಗೇಣು ಬಿಟ್ಟು ಚಟ್ಟನೆ ಬಡಿದರು:
ಉದ್ದಕ್ಕೂ ನೇರ ಗೆರೆ.
ಇದೆಂತದು?
"ನೀರಿನ ಗೆರೆ. ಬೋಟಿಗೆ ಇದರ ಕೆಳಗೆ ಕೆಂಪು, ಚಿಪ್ಪು ಹತ್ತದ ಹಾಗೆ.
ಮೇಲೆ ಯಜಮಾನನ ಖುಷಿ."
ಇದು ರಸ್ತೆಯಲ್ಲಿ ಓಡುವುದಲ್ಲವಾ ಮಾರಾಯ್ರೆ.
"ಕೊಟ್ಟಾರ ಚೌಕಿ ತಾನೆ? ಜೂನ್ ಬರಲಿ."

ಗೆರೆಯ ಮೇಲೆ ನನ್ನ ಖುಷಿ ಯಾವುದೆಂದು ಗೊತ್ತಾಗಿಲ್ಲ.
ಐದು ಸಣ್ಣ ಡಬ್ಬಿ ತಂದು
ಐದು ಕಡೆ ಅಂಗೈಯಗಲ ಬಳಿದಿದ್ದೇನೆ.
ಬೆಳಿಗ್ಗೆ ಸರಿಯೆನಿಸಿದ್ದು ಸಂಜೆಗೆ ಅಪರಿಚಿತ.
ರಾಜೀವಿ ಬಂದು ಅಡುಗೆಮನೆಯ ಹೆಸರಿಟ್ಟಳು:
ಬಸಳೆದಂಟು, ಪುನರ್ಪುಳಿ, ಕೆಸುವಿನೆಲೆಯ ಬೆನ್ನು,
ಹಲಸಿನ ತೊಳೆ, ಐದನೆಯದಕ್ಕೆ "ಇದು ನಿನ್ನ ಹಠ, ಸೆವ್ರಿನ್."
ಪೋಸ್ಟಿನವನು, ಪೈಂಟಿಂಗ್ ಮುಗಿಯಿತಾ, ಚಂದ ಉಂಟು ಅಂದ.

ನಿನ್ನೆ ಟ್ರೈಲರಿಗೆ ಬೆನ್ನು ಕೊಟ್ಟು ಬ್ರಶ್ಶು ತೊಳೆಯುತ್ತಿದ್ದೆ.
ಎದುರಿನ ಪಾಗಾರದ ಮೇಲೆ ಹಿಲಾರಿಯ ತಲೆ.
ತುಂಬ ಹೊತ್ತು ನೋಡಿದ.
"ಎಡದಿಂದ ಎರಡನೆಯದು," ಅಂದ.
ನಿನ್ನ ಎಡವಾ, ನನ್ನ ಎಡವಾ
ಎಂದು ಕೇಳುವಷ್ಟರಲ್ಲಿ ಇಳಿದು ಹೋಗಿದ್ದ.